ನಮಗೂ ಒಂದು ಹವ್ಯಾಸ

ನಿವೃತ್ತಿಯಾದ ಮೇಲೆ ಮನುಷ್ಯನಿಗೆ ಒಂದು ಹವ್ಯಾಸವಿರಬೇಕೆಂದು ಉಪದೇಶಿಸುವವರು ಬಹಳ ಮಂದಿ. ನಮ್ಮ ಸಂಘದ ಗೆಳೆಯರಲ್ಲಿ ಒಬ್ಬರು ಅಂಚೆಚೀಟಿ ಸಂಗ್ರಹಿಸುತ್ತಾರೆ. ಇನ್ನೊಬ್ಬರು ಬಾಲ್ಕನಿಯ ಎರಡಡಿ ಜಾಗದಲ್ಲಿ ಊರಿನ ಬಸಳೆ ಚಪ್ಪರವನ್ನೇ ಎಬ್ಬಿಸಿದ್ದಾರೆ. ಮತ್ತೊಬ್ಬರು ಅರುವತ್ತೈದನೆಯ ವಯಸ್ಸಿನಲ್ಲಿ ತಾಳಮದ್ದಳೆಯ ಅರ್ಥಗಾರಿಕೆಗೆ ಇಳಿದು, ಈಗ ಮನೆಯಲ್ಲಿ ಕಾಫಿ ಕೇಳುವುದಕ್ಕೂ ಪೀಠಿಕೆ ಹಾಕುತ್ತಾರಂತೆ. ನಮ್ಮ ಹವ್ಯಾಸ ಯಾವುದೆಂದು ಕೇಳಿದರೆ ಹೇಳಲು ಸ್ವಲ್ಪ ಸಂಕೋಚ. ಇಪ್ಪತ್ತಾರು ವರ್ಷ ಹಳೆಯ ಕಂಪ್ಯೂಟರೊಂದನ್ನು, ಅದನ್ನು ಮಾಡಿದವರು ಹೇಳಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದೇ ನಮ್ಮ ಹವ್ಯಾಸ. ಬಲ್ಲವರು ಇದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ನಮ್ಮ ಶ್ರೀಮತಿಯವರು ಇಟ್ಟಿರುವ ಹೆಸರು ‘ಮುದಿ ಕೋಣನಿಗೆ ಕಂಬಳ.’

ಈ ಕೋಣ ನಮ್ಮ ಕೈಗೆ ಮತ್ತೆ ಸಿಕ್ಕಿದ್ದು ಹೀಗೆ. ಕಳೆದ ವರ್ಷ ದೀಪಾವಳಿಗೆ ಮುಂಚೆ ಮನೆಗೆ ಬಣ್ಣ ಹೊಡೆಸುವ ಪ್ರಸಂಗ ಬಂತು. ಮುಂಬಯಿ ಕಡೆಯ ಮನೆಗಳಲ್ಲಿ ಅಡುಗೆಮನೆಯ ಮೇಲೊಂದು ಮಾಳಾ ಇರುತ್ತದಷ್ಟೆ. ಊರಿನ ಅಟ್ಟದಲ್ಲಿ ಸೌತೆಕಾಯಿ ತೂಗುಹಾಕಿದರೆ ಇಲ್ಲಿನ ಮಾಳಾದಲ್ಲಿ ನಾವು ನಮ್ಮ ಇಡೀ ಸಂಸಾರದ ಇತಿಹಾಸವನ್ನೇ ತುಂಬಿಸಿಟ್ಟಿರುತ್ತೇವೆ. ಒಡೆದ ಟ್ರಂಕು, ಮಗುವಿನ ತೊಟ್ಟಿಲಿನ ಹಗ್ಗ, ಯಾರದೋ ಮದುವೆಯ ತಾಮ್ರದ ಹಂಡೆ ಒಂದೊಂದಾಗಿ ಇಳಿದುವು. ಕೊನೆಗೆ ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಪೆಟ್ಟಿಗೆ ಇಳಿಯಿತು. ಸೀರೆ ಬಿಚ್ಚಿದರೆ ಹಳದಿಗಟ್ಟಿದ ಕಂಪ್ಯೂಟರು. ಅದರ ಹಿಂಬದಿಯ ಸ್ಕ್ರೂಗಳ ಮೇಲೆ ಅಂಟಿಸಿದ ಕಾಗದದ ಪಟ್ಟಿ, ಪಟ್ಟಿಯ ಮೇಲೆ ನಮ್ಮದೇ ಸಹಿ, ತಾರೀಕು ಡಿಸೆಂಬರ್ 1999. ಪೆಟ್ಟಿಗೆಯ ಜೊತೆಗೆ ನಮ್ಮ ಬ್ಯಾಂಕಿನವರು ಹಂಚಿದ್ದ 2000ನೆಯ ಇಸವಿಯ ಡೈರಿಯೂ ಇತ್ತು. ಬಣ್ಣದವರು ‘ಸಾಹೇಬ್, ಭಂಗಾರವಾಲಾನಿಗೆ ಕೊಡುವುದೇ?’ ಎಂದು ಕೇಳಿದಾಗ ನಾವು ಕೂಡಲೇ ಉತ್ತರ ಕೊಡಲಿಲ್ಲ.

ಸಹಿಯ ಕಥೆ ಹೇಳುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಡೊಂಬಿವಲಿಯ ಬಾಡಿಗೆ ಮನೆಯಿಂದ ಘೋಡಬಂದರ್ ರಸ್ತೆಗೆ ನಾವು ಬಂದದ್ದು 1998ರಲ್ಲಿ. ಘೋಡಾ ಎಂದರೆ ಕುದುರೆ. ಪೋರ್ಚುಗೀಸರ ಕಾಲದಲ್ಲಿ ಅರಬ್ಬರ ಕುದುರೆಗಳು ಬಂದಿಳಿಯುತ್ತಿದ್ದ ಬಂದರಾದುದರಿಂದ ಈ ಹೆಸರೆಂದು ಹೇಳುವುದುಂಟು. ಖಾಡಿಯ ದಡದಲ್ಲಿ ಆ ಕಾಲದ ಕೋಟೆ ಇಂದಿಗೂ ನಿಂತಿದೆ. ನಾವು ಬಂದಾಗ ಮಾನಪಾಡಾ ದಾಟಿದರೆ ಒಂದು ಕಡೆ ಯೇವೂರಿನ ಗುಡ್ಡ, ಇನ್ನೊಂದು ಕಡೆ ಗದ್ದೆ, ನಡುವೆ ಅಲ್ಲಲ್ಲಿ ಹೊಸ ಕಟ್ಟಡ. ಮಳೆಗಾಲದಲ್ಲಿ ಗುಡ್ಡದಿಂದಿಳಿಯುವ ನೀರನ್ನು ನೋಡಿ ನಮ್ಮ ಶ್ರೀಮತಿಯವರು ‘ಥೇಟ್ ನಮ್ಮ ಕುಂದಾಪುರದ ಕಡೆಯ ಹಾಗೆಯೇ ಉಂಟು’ ಎಂದು ಸಂತೋಷಪಟ್ಟಿದ್ದರು. ಅಂದು ಬಸ್ಸಿಗೆ ಕಾದು ಕಾದು ಸಾಕಾಗುತ್ತಿತ್ತು. ಈಗ ಮೆಟ್ರೋದ ಕಂಬಗಳ ನಡುವೆ ಟ್ರಕ್ಕುಗಳ ಸಾಲಿನಲ್ಲಿ ಬಸ್ಸಿನೊಳಗೆ ಕುಳಿತು ಸಾಕಾಗುತ್ತದೆ. ಕುದುರೆಗಳಿಗಾಗಿ ಹೆಸರು ಪಡೆದ ರಸ್ತೆಯಲ್ಲಿ ಕುದುರೆಯ ವೇಗವೊಂದನ್ನು ಬಿಟ್ಟು ಉಳಿದದ್ದೆಲ್ಲ ಇದೆ.

1999ರ ಏಪ್ರಿಲಿನಲ್ಲಿ ಮಗನ ಹತ್ತನೆಯ ಪರೀಕ್ಷೆ ಮುಗಿದಿತ್ತು. ಪ್ರಾವಿಡೆಂಟ್ ಫಂಡಿನಿಂದ 35,000 ರೂಪಾಯಿ ಸಾಲ ತೆಗೆದು ಕಂಪ್ಯೂಟರ್ ಕೊಳ್ಳುವುದೆಂದು ನಿಶ್ಚಯವಾಯಿತು. ಠಾಣೆಯಿಂದ ದಾದರ್, ದಾದರಿನಲ್ಲಿ ಸೇತುವೆ ಹತ್ತಿ ಪಶ್ಚಿಮ ರೈಲ್ವೆಯ ಗಾಡಿ ಹಿಡಿದು ಗ್ರಾಂಟ್ ರೋಡ್, ಅಲ್ಲಿಂದ ಕಾಲ್ನಡಿಗೆಯಲ್ಲಿ ಲ್ಯಾಮಿಂಗ್ಟನ್ ರಸ್ತೆ. ಸರಕಾರಿ ದಾಖಲೆಯಲ್ಲಿ ಅದು ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ. ಆದರೆ ಕಂಪ್ಯೂಟರಿನ ಬಿಡಿಭಾಗ ಹುಡುಕಿಕೊಂಡು ಹೋಗುವವರಿಗೆಲ್ಲ ಅದು ಲ್ಯಾಮಿಂಗ್ಟನ್ ರಸ್ತೆಯೇ. ನಾವು ತಯಾರಾದ ಪೆಟ್ಟಿಗೆಯೊಂದನ್ನು ತೋರಿಸಿ ಎಂದೆವು. ಹದಿನಾರರ ಹುಡುಗ ಜೇಬಿನಿಂದ ಚೀಟಿ ತೆಗೆದು, ‘ಇಂಟೆಲ್ ಸೆಲೆರಾನ್ 300ಎ, ಅಬಿಟ್ ಬಿಎಚ್6 ಬೋರ್ಡು, ಪಿಸಿ100 ಮೆಮರಿ’ ಎಂದು ಓದಿದ. ಅಂಗಡಿಯ ಗುಜರಾತಿ ಸೇಠ್ ಹುಡುಗನ ಮುಖ ನೋಡಿ ನಕ್ಕರು. ಆ ನಗೆಯ ಅರ್ಥ ನಮಗೆ ತಿಳಿದದ್ದು ಬಹಳ ತಡವಾಗಿ.

ಅದೇನೆಂದು ನಮಗೆ ತಿಳಿದಷ್ಟು ಹೇಳುತ್ತೇವೆ. ಕಂಪ್ಯೂಟರಿನೊಳಗೆ ಒಂದು ಸಣ್ಣ ಸ್ಫಟಿಕ ಮಿಡಿಯುತ್ತಿರುತ್ತದೆ. ಆ ಮಿಡಿತದಿಂದ ಹುಟ್ಟಿದ್ದೇ ಇಡೀ ಯಂತ್ರದ ತಾಳ. ಯಕ್ಷಗಾನ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಬೋರ್ಡು ಭಾಗವತರಿದ್ದಂತೆ, ಪ್ರೊಸೆಸರು ಕುಣಿಯುವ ವೇಷ. ಸೆಲೆರಾನ್ 300ಎ ಎಂಬ ವೇಷಕ್ಕೆ ಭಾಗವತರ ತಾಳ ಸೆಕೆಂಡಿಗೆ 66 ದಶಲಕ್ಷ ಮತ್ತು ಚಿಲ್ಲರೆ. ತಾಳ ಒಂದಕ್ಕೆ ವೇಷ ಹಾಕುವುದು ನಾಲ್ಕೂವರೆ ಹೆಜ್ಜೆ. ಗುಣಿಸಿದರೆ 300 ದಶಲಕ್ಷ, ಅಂದರೆ 300 ಮೆಗಾಹರ್ಟ್ಸ್. ನಾಲ್ಕೂವರೆ ಎಂಬ ಲೆಕ್ಕವನ್ನು ಇಂಟೆಲ್ ಕಂಪೆನಿ ಒಳಗೇ ಬಂಧಿಸಿಬಿಟ್ಟಿತ್ತು, ಅದನ್ನು ಬದಲಿಸುವಂತಿಲ್ಲ. ಆದರೆ ತಾಳವನ್ನು ಏರಿಸಬಹುದು. ಭಾಗವತರು 66ರ ಬದಲು 100 ಹಾಕಿದರೆ ಅದೇ ವೇಷ 450ರಲ್ಲಿ ಕುಣಿಯಬೇಕಾಗುತ್ತದೆ. ಬೇರೆ ಬೋರ್ಡುಗಳಲ್ಲಿ ಇದಕ್ಕಾಗಿ ಪೆಟ್ಟಿಗೆ ತೆರೆದು ಸಣ್ಣ ಸಣ್ಣ ಜಂಪರುಗಳನ್ನು ಕಿತ್ತು ಹಾಕಬೇಕಿತ್ತು. ಬಿಎಚ್6ರಲ್ಲಿ ಯಂತ್ರ ಶುರುವಾಗುವಾಗ ಒಂದು ಕೀಲಿ ಒತ್ತಿ, ಪರದೆಯ ಮೇಲೆಯೇ ತಾಳವನ್ನೂ ವೋಲ್ಟೇಜನ್ನೂ ಆರಿಸಬಹುದಿತ್ತು.

ವೇಷ ತಡೆದುಕೊಂಡೀತೇ? ಇಲ್ಲಿಯೇ ಇರುವುದು ಸ್ವಾರಸ್ಯ. ಕಾರ್ಖಾನೆಯಲ್ಲಿ ಒಂದೇ ಸಿಲಿಕಾನ್ ಬಿಲ್ಲೆಯಿಂದ ನೂರಾರು ಚಿಪ್ಪುಗಳು ಹೊರಡುತ್ತವೆ. ಒಂದೊಂದನ್ನೂ ಪರೀಕ್ಷಿಸಿ, ಇದು ಇಷ್ಟಕ್ಕೆ ಎಂದು ಮುದ್ರೆ ಒತ್ತುತ್ತಾರೆ. ಆದರೆ ಅಗ್ಗದ ಮಾಲಿಗೆ ಗಿರಾಕಿ ಹೆಚ್ಚಿದ್ದಾಗ ಸಮರ್ಥವಾದ ಚಿಪ್ಪಿಗೂ ಸಣ್ಣ ಅಂಕೆಯ ಮುದ್ರೆಯೇ ಬೀಳುತ್ತದೆ. 1998ರ ಆಗಸ್ಟಿನಲ್ಲಿ ಸೆಲೆರಾನ್ 300ಎ ಹೊರಬಂದಾಗಲೇ 450 ಮೆಗಾಹರ್ಟ್ಸಿನ ಪೆಂಟಿಯಂ 2 ಕೂಡ ಹೊರಬಂತು. ಬೆಲೆ ಮಾತ್ರ ಸುಮಾರು ನಾಲ್ಕು ಪಟ್ಟು. ಸೆಲೆರಾನಿನಲ್ಲಿದ್ದ ಕ್ಯಾಷ್ ಮೆಮರಿ 128 ಕೆಬಿ ಮಾತ್ರವಾದರೂ ಅದು ಪ್ರೊಸೆಸರಿನ ಪೂರ್ಣ ವೇಗದಲ್ಲಿ ನಡೆಯುತ್ತಿತ್ತು. ದುಬಾರಿ ಪೆಂಟಿಯಂನದು 512 ಕೆಬಿಯಾದರೂ ಅರ್ಧ ವೇಗದಲ್ಲಿ. ಹೀಗಾಗಿ ಅಗ್ಗದ ಚಿಪ್ಪನ್ನು 450ಕ್ಕೆ ಏರಿಸಿದವರಿಗೆ ಬಹುತೇಕ ಕೆಲಸಗಳಲ್ಲಿ ದುಬಾರಿ ಚಿಪ್ಪಿನ ಸುಖವೇ ಸಿಕ್ಕಿತು. ಪ್ರಪಂಚದಾದ್ಯಂತ ಕಾಲೇಜು ಹುಡುಗರು ಈ ಚಿಪ್ಪಿನ ಹಿಂದೆ ಬಿದ್ದರು. ಅವರಲ್ಲೊಬ್ಬ ನಮ್ಮ ಮನೆಯಲ್ಲಿಯೇ ಇದ್ದನೆಂಬುದು ನಮಗೆ ಗೊತ್ತಿರಲಿಲ್ಲ.

ನಮ್ಮ ಧ್ಯಾನವೆಲ್ಲ ಬೇರೆ ಕಡೆ ಇತ್ತು. ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ 1998ರಲ್ಲಷ್ಟೇ ಬಂದಿತ್ತು. ಮನೆಯಲ್ಲಿ ಕುಳಿತು ಕನ್ನಡ ಟೈಪು ಮಾಡಬಹುದೆಂಬುದೇ ನಮಗೊಂದು ಪವಾಡ. ಆ ವರ್ಷ ನಾವು ಸಂಘದ ಕಾರ್ಯದರ್ಶಿ. ಸಾಯಂಕಾಲ ಕೋಟೆ ಪ್ರದೇಶದ ಬ್ಯಾಂಕಿನಿಂದ ಎರಡು ಗಂಟೆ ಪ್ರಯಾಣ ಮಾಡಿ ಬಂದು, ಊಟವಾದ ಮೇಲೆ ಶ್ರೀಮತಿಯವರು ಹೇಳುತ್ತಾ ಹೋದಂತೆ ಒಂದೊಂದೇ ಅಕ್ಷರ ಒತ್ತಿ ಸದಸ್ಯರ ಯಾದಿಯನ್ನೂ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಯನ್ನೂ ನಾಲ್ಕು ತಿಂಗಳಲ್ಲಿ ಸಿದ್ಧಗೊಳಿಸಿದೆವು. ಫ್ಲಾಪಿಯಲ್ಲಿ ಒಂದು ಪ್ರತಿ ತೆಗೆದಿಡಬೇಕೆಂಬ ಬುದ್ಧಿ ಇರಲಿಲ್ಲ. ಬ್ಯಾಂಕಿನಲ್ಲಿ ಮೂರು ಪ್ರತಿಯಿಲ್ಲದೆ ಒಂದು ವೋಚರ್ ಬರೆಯದವರು ನಾವು!

ಮುದ್ರಣಾಲಯಕ್ಕೆ ಕೊಡಬೇಕಾದ ಹಿಂದಿನ ರಾತ್ರಿ ಯಂತ್ರ ಹಚ್ಚಿದರೆ ಪರದೆಯ ಮೇಲೆ ಇಂಗ್ಲಿಷಿನ ಎರಡು ಸಾಲು ಬಿಟ್ಟರೆ ಏನೂ ಇಲ್ಲ. ಡಿಸ್ಕಿನಲ್ಲಿದ್ದುದೆಲ್ಲ ಅಸ್ತವ್ಯಸ್ತ. ಮಗ ಬೆಳ್ಳಗಾಗಿ ನಿಂತಿದ್ದ. ಕೇಳಿದಾಗ ಮುಚ್ಚಿಡಲಿಲ್ಲ: ‘ಅಪ್ಪಯ್ಯ, ನಾನು ಸ್ಪೀಡ್ ಹೆಚ್ಚು ಮಾಡಿದ್ದೆ.’

ನಾವು ಏನೆಂದೆವೆಂಬುದನ್ನು ಪೂರ್ತಿ ಬರೆಯುವುದಿಲ್ಲ. ‘ಊರು ಬಿಟ್ಟು ಬಂದು ಕಷ್ಟಪಟ್ಟವರು ನಾವು. ಕೊಟ್ಟದ್ದನ್ನು ಹಾಳು ಮಾಡುವ ಬುದ್ಧಿ ನಿನಗೆಲ್ಲಿಂದ ಬಂತು?’ ಎಂದದ್ದು ನೆನಪಿದೆ. ಅದೇ ರಾತ್ರಿ ಎಲ್ಲವನ್ನೂ ಮೊದಲಿನಂತೆ ಮಾಡಿಸಿ, ಪೆಟ್ಟಿಗೆಯ ಸ್ಕ್ರೂಗಳ ಮೇಲೆ ಕಾಗದ ಅಂಟಿಸಿ, ಬ್ಯಾಂಕಿನ ಲಾಕರಿಗೆ ಮೊಹರು ಮಾಡುವವರಂತೆ ಸಹಿ ಹಾಕಿದೆವು. ಆ ವರ್ಷ ಸ್ಮರಣ ಸಂಚಿಕೆ ಇಲ್ಲದೆಯೇ ವಾರ್ಷಿಕೋತ್ಸವ ನಡೆಯಿತು. ಹಳೆಯ ಸದಸ್ಯರಿಗೆ ಅದರ ನೆನಪಿರಬಹುದು. ಕಾರಣ ಇಂದು ಹೇಳಿದ್ದೇವೆ.

ಅನಂತರ ಮಗ ಕಂಪ್ಯೂಟರಿನ ಮಾತೆತ್ತಲಿಲ್ಲ. ನಾವೂ ಅವನ ಕಾಲ ಹಾಳಾಗದಂತೆ ವ್ಯವಸ್ಥೆ ಮಾಡಿದೆವು. ಬೆಳಗ್ಗೆ ನಾಲ್ಕೂವರೆಗೆ ಏಳುವುದು, ಹಗಲು ಠಾಣೆಯಲ್ಲಿ ಕಾಲೇಜು, ಸಾಯಂಕಾಲ ದಾದರಿನಲ್ಲಿ ಐಐಟಿ ಪ್ರವೇಶದ ಕ್ಲಾಸು, ಭಾನುವಾರ ಪರೀಕ್ಷೆ. ಹನ್ನೆರಡನೆಯ ತರಗತಿಯಲ್ಲಿ ಅಂಕ ಸ್ವಲ್ಪ ಇಳಿಯಿತು. ಗಣಿತಕ್ಕೆಂದು ಇನ್ನೊಂದು ಕ್ಲಾಸು ಸೇರಿಸಿದೆವು. ಬಾದಾಮಿ ಹಾಲು ಶುರುವಾಯಿತು, ಟಾನಿಕ್ ಬಂತು. ಅವನು ಬೇಡವೆನ್ನಲಿಲ್ಲ. ಬೇಡವೆನ್ನದ ಮಗನೆಂದು ಸಂಘದಲ್ಲಿ ನಾಲ್ಕು ಜನರ ಮುಂದೆ ಹೆಮ್ಮೆಯಿಂದ ಹೇಳಿಕೊಂಡೆವು.

2001ರ ಫೆಬ್ರವರಿಯಲ್ಲಿ, ಪರೀಕ್ಷೆಗೆ ಮೂರು ವಾರವಿರುವಾಗ, ಒಂದು ರಾತ್ರಿ ಹತ್ತೂವರೆಯಾದರೂ ಮಗ ಮನೆಗೆ ಬರಲಿಲ್ಲ. ಹುಡುಕಿಕೊಂಡು ಹೋದರೆ ಠಾಣೆ ಸ್ಟೇಷನ್ನಿನ ಹೊರಗೆ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಚೀಲ ತಬ್ಬಿಕೊಂಡು ಕುಳಿತಿದ್ದ. ಎರಡು ಗಂಟೆಯಿಂದ ನಮ್ಮ ಬಸ್ಸುಗಳೆಲ್ಲ ಅವನ ಕಣ್ಣೆದುರಿನಲ್ಲೇ ಹೋಗಿದ್ದುವು. ‘ನಂಬರು ಕಾಣ್ತದೆ ಅಪ್ಪಯ್ಯ, ಓದ್ಲಿಕ್ಕೆ ಆಗ್ತಾ ಇಲ್ಲ’ ಎಂದ. ವೈದ್ಯರು ಪುಸ್ತಕ ಮುಚ್ಚಿಸಿದರು. ಆ ವರ್ಷ ಪರೀಕ್ಷೆ ಇಲ್ಲ. ಕುಂದಾಪುರದ ಹತ್ತಿರ ಅಜ್ಜಿಯ ಮನೆಯಲ್ಲಿ ಎಂಟು ತಿಂಗಳಿದ್ದು ಬಂದ. ಆಮೇಲೆ ನಿಧಾನವಾಗಿ ಬಿ.ಎಸ್ಸಿ. ಮುಗಿಸಿದ. ಈಗ ಬೆಂಗಳೂರಿನಲ್ಲಿ ಆಸ್ಪತ್ರೆಯ ಯಂತ್ರೋಪಕರಣಗಳನ್ನು ರಿಪೇರಿ ಮಾಡುವ ಉದ್ಯೋಗದಲ್ಲಿದ್ದಾನೆ. ಮದುವೆಯಾಗಿ, ನಮಗೊಬ್ಬ ಮೊಮ್ಮಗನೂ ಇದ್ದಾನೆ. ಚೆನ್ನಾಗಿಯೇ ಇದ್ದಾರೆ. ಆದರೆ ಆ ರಾತ್ರಿಯ ವಿಚಾರವಾಗಿ ಅಪ್ಪ ಮಗನ ನಡುವೆ ಇಪ್ಪತ್ತನಾಲ್ಕು ವರ್ಷ ಒಂದು ಮಾತೂ ನಡೆದಿರಲಿಲ್ಲ.

ಇನ್ನು ಡೈರಿಯ ವಿಷಯ. ಬಣ್ಣದವರು ಹೋದ ಮೇಲೆ ಕನ್ನಡಕ ಹಾಕಿಕೊಂಡು ಅದನ್ನು ತೆರೆದೆವು. ಮೊದಲನೆಯ ಪುಟದಲ್ಲಿ ಇಂಗ್ಲಿಷಿನಲ್ಲಿ ಒಂದು ತಲೆಬರಹ. ಕನ್ನಡದಲ್ಲಿ ಹೇಳುವುದಾದರೆ ‘ಡಿಸೆಂಬರಿನಲ್ಲಿ ತಪ್ಪಿದ್ದು ಎಲ್ಲಿ?’ ಅದರ ಕೆಳಗೆ ಲೆಕ್ಕ. ಬೋರ್ಡಿನ ಮೇಲೆ ಪ್ರೊಸೆಸರ್ ಒಂದೇ ಅಲ್ಲ, ಡಿಸ್ಕು ಮುಂತಾದುವನ್ನು ನಡೆಸುವ ಪಿಸಿಐ ಎಂಬ ಇನ್ನೊಂದು ದಾರಿಯಿದೆ. ಅದಕ್ಕೆ ಸೇರಬೇಕಾದ ತಾಳ 33. ಮುಖ್ಯ ತಾಳ 66 ಇದ್ದಾಗ ಬೋರ್ಡು ಅದನ್ನು ಎರಡರಿಂದ ಭಾಗಿಸಿ 33 ಕೊಡುತ್ತದೆ. 100 ಇದ್ದಾಗ ಮೂರರಿಂದ ಭಾಗಿಸಿ ಮತ್ತೆ 33 ಕೊಡುತ್ತದೆ. ಆದರೆ ನಡುವಿನ 83 ಇಟ್ಟರೆ ಭಾಗಿಸುವುದು ಎರಡರಿಂದಲೇ; ಬರುವುದು 41ಕ್ಕೂ ಹೆಚ್ಚು. ಪ್ರೊಸೆಸರ್ ಕುಣಿಯಿತು, ಪಾಪ, ಪಕ್ಕದಲ್ಲಿದ್ದ ಡಿಸ್ಕಿನ ದಾರಿ ಎಡವಿತು. ಅಪ್ಪನ ಯಾದಿ ಇರುವ ಯಂತ್ರವೆಂದು ಹೆದರಿ ಹುಡುಗ 100ಕ್ಕೆ ಹೋಗದೆ 83ರಲ್ಲಿ ನಿಂತಿದ್ದನಂತೆ. ಹೆದರಿಕೆಯಿಂದ ಆರಿಸಿದ ನಡುದಾರಿಯೇ ಅಪಾಯದ ದಾರಿಯಾಗಿತ್ತು.

ಇಷ್ಟನ್ನು ಅವನು ಹದಿನಾರನೆಯ ವಯಸ್ಸಿನಲ್ಲಿ ಕಂಡುಹಿಡಿದು ಬರೆದಿಟ್ಟಿದ್ದ. ‘ಏಕೆ ಹೀಗಾಯಿತು’ ಎಂದು ನಾವು ಒಂದು ದಿನವೂ ಕೇಳಿರಲಿಲ್ಲ.

ಮುಂದಿನ ಪುಟಗಳನ್ನು ತಿರುಗಿಸಿದಾಗ ನಗು ಬಂತು, ಬೇರೆ ಏನೋ ಕೂಡ ಬಂತು. ಹುಡುಗ ನಮ್ಮ ಸಹಿಯ ಕಾಗದವನ್ನು ಮುಟ್ಟದೆಯೇ ಹವ್ಯಾಸವನ್ನು ಮುಂದುವರಿಸಿದ್ದ! ಪರದೆಯಿಂದಲೇ ತಾಳ ಬದಲಿಸುವ ಬೋರ್ಡಿಗೆ ಸ್ಕ್ರೂವಿನ ಮೇಲೆ ಮೊಹರು ಮಾಡಿ ಏನು ಪ್ರಯೋಜನ? ಡೈರಿಯ ಪುಟಗಳಲ್ಲಿ ಗೆರೆ ಎಳೆದ ಅಂಕಣಗಳು: ತಾರೀಕು, ತಾಳ, ವೋಲ್ಟೇಜು, ಕೋಣೆಯ ಉಷ್ಣತೆ, ಎಷ್ಟು ಹೊತ್ತಿನ ಪರೀಕ್ಷೆ, ಫಲಿತಾಂಶ, ಷರಾ. ಮೂವತ್ತು ವರ್ಷ ಲೆಡ್ಜರ್ ನೋಡಿದ ಕಣ್ಣಿಗೆ ಇಷ್ಟು ಶುದ್ಧವಾದ ಲೆಕ್ಕ ಕಂಡದ್ದು ಅಪರೂಪ. ನಾವು ಮಲಗಿದ ಮೇಲೆ ಪರೀಕ್ಷೆ ಹಚ್ಚಿ, ನಾಲ್ಕೂವರೆಗೆ ಎದ್ದಾಗ ನೋಡಿ ಬರೆದದ್ದು.

2000ದ ಮೇ ತಿಂಗಳ ಪುಟವೊಂದನ್ನು ಹಲವು ಸಲ ಓದಿದೆವು. ಜನವರಿಯಲ್ಲಿ 100ರಲ್ಲಿ ರಾತ್ರಿಯಿಡೀ ಓಡಿದ ಯಂತ್ರ, ಮೇ ತಿಂಗಳ ಮಧ್ಯಾಹ್ನ ಕೋಣೆ 36 ಡಿಗ್ರಿ ಇದ್ದಾಗ ಅರ್ಧ ಗಂಟೆಯಲ್ಲಿ ನಿಂತಿತ್ತು. ಅವನು ವೋಲ್ಟೇಜನ್ನು 2.0ರಿಂದ 2.2ಕ್ಕೆ ಏರಿಸಿದ. ಎರಡು ಗಂಟೆ ಓಡಿತು, ಮತ್ತೆ ನಿಂತಿತು. ಪಕ್ಕದಲ್ಲಿ ಲೆಕ್ಕ: ಬಿಸಿ ವೇಗದಷ್ಟೇ ಏರುತ್ತದೆ, ಆದರೆ ವೋಲ್ಟೇಜಿನ ವರ್ಗದಷ್ಟು ಏರುತ್ತದೆ. ವೇಗ ಒಂದೂವರೆ ಪಟ್ಟು, ವೋಲ್ಟೇಜು 1.1 ಪಟ್ಟು, ಅದರ ವರ್ಗ 1.21; ಗುಣಿಸಿದರೆ ಬಿಸಿ ಹೆಚ್ಚುಕಡಮೆ 1.8 ಪಟ್ಟು. ಷರಾ ಅಂಕಣದಲ್ಲಿ ಅವನ ಮಾತು: ‘ವೋಲ್ಟೇಜ್ ಏರಿಸುವುದು ಪರಿಹಾರವಲ್ಲ. ಬಿಸಿ ಕಡಿಮೆ ಮಾಡು, ಆಗದಿದ್ದರೆ ಒಂದು ಮೆಟ್ಟಿಲು ಇಳಿ. ಹಗಲು 66, ರಾತ್ರಿ 100.’

ನಮ್ಮ ಬಾದಾಮಿ ಹಾಲು, ಗಣಿತದ ಇನ್ನೊಂದು ಕ್ಲಾಸು ಇವೆಲ್ಲ ಏನಾಗಿದ್ದುವೆಂದು ಆ ಪುಟದ ಮುಂದೆ ಕುಳಿತಾಗ ಗೊತ್ತಾಯಿತು. ಒಂದು ಚಿಪ್ಪಿಗೆ ಅವನು ತೋರಿಸಿದ ವಿವೇಕವನ್ನು ನಾವು ಅವನಿಗೆ ತೋರಿಸಿರಲಿಲ್ಲ. ಯಂತ್ರವನ್ನು ಮಿತಿಮೀರಿ ಓಡಿಸಿದನೆಂದು ಮಗನನ್ನು ಬೈದ ಮನೆಯಲ್ಲಿ, ಅಂಥದೊಂದು ಡೈರಿಯನ್ನು ಅವನ ಹೆಸರಿನಲ್ಲಿ ಯಾರೂ ಇಟ್ಟಿರಲಿಲ್ಲ.

2000ನೆಯ ಇಸವಿ ಮುಗಿದ ಮೇಲೆ ಡೈರಿಯ ಹಿಂಬದಿಯ ಖಾಲಿ ಪುಟದಲ್ಲಿ ಕೊನೆಯ ನಮೂದು ಇತ್ತು. ತಾರೀಕು 2001ರ ಜನವರಿ ಕೊನೆ. ‘66. 2.0. ಎಲ್ಲ ಮೊದಲಿನ ಹಾಗೆ ಇಟ್ಟಿದ್ದೇನೆ.’ ಷರಾ ಅಂಕಣ ಖಾಲಿ.

ಆ ರಾತ್ರಿ ಬೆಂಗಳೂರಿಗೆ ಫೋನು ಮಾಡಿದೆವು. ಏನು ಹೇಳಬೇಕೆಂದು ಮನಸ್ಸಿನಲ್ಲಿ ನಾಲ್ಕು ವಾಕ್ಯ ಜೋಡಿಸಿಕೊಂಡಿದ್ದೆವು. ಬಾಯಿಗೆ ಬಂದದ್ದು ಬೇರೆ: ‘ನಿನ್ನ ಹಳೆಯ ಕಂಪ್ಯೂಟರ್ ಮಾಳಾದಿಂದ ಇಳಿಸಿದ್ದೇವೆ. ಅದನ್ನು 100ಕ್ಕೆ ಹಾಕುವುದು ಹೇಗೆ?’

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮಗ ಜೋರಾಗಿ ನಕ್ಕ. ‘ಅಪ್ಪಯ್ಯ, ನೀವಾ? ಮೊದಲು ಕಾಗದ ಕೀಳಿ.’

ನಮ್ಮದೇ ಸಹಿಯನ್ನು ನಾವೇ ಕಿತ್ತೆವು. ಅಲ್ಲಿಂದ ಮುಂದೆ ಪ್ರತಿ ಭಾನುವಾರ ಫೋನಿನಲ್ಲಿ ಪಾಠ. ಹೇಳಿದ ಕೂಡಲೇ ಕರೆಂಟು ಕೊಡಬೇಡಿ, ಮೊದಲು ಮೆತ್ತಗಿನ ಬ್ರಷ್ಷಿನಿಂದ ಧೂಳು ತೆಗೆಯಿರಿ. ಬೋರ್ಡಿನ ಮೇಲೆ ಸಣ್ಣ ಡಬ್ಬಿಗಳ ಹಾಗೆ ಕಾಣುವ ಕೆಪಾಸಿಟರುಗಳ ತಲೆ ಉಬ್ಬಿದೆಯೇ ನೋಡಿ. ನಾಣ್ಯದಂಥ ಬ್ಯಾಟರಿ ಸತ್ತಿರುತ್ತದೆ, ಹೊಸತು ಹಾಕಿ. ಪ್ರೊಸೆಸರ್ ಎಂದರೆ ಬೋರ್ಡಿನ ಸೀಳಿಗೆ ನೆಟ್ಟಗೆ ಸಿಗಿಸಿದ ಒಂದು ಹಸಿರು ಹಲಗೆ. ಅದರ ಬೆನ್ನಿಗೆ ಅಂಟಿದ ಲೋಹದ ರೆಕ್ಕೆಗಳ ನಡುವಿನ ಪೇಸ್ಟು ಒಣಗಿ ಸುಣ್ಣವಾಗಿತ್ತು. ಅದನ್ನು ಒರೆಸಿ ಹೊಸ ಪೇಸ್ಟು ತೆಳ್ಳಗೆ ಸವರಿದೆವು. ‘ದೋಸೆಗೆ ಎಣ್ಣೆ ಸವರಿದ ಹಾಗೆ, ಚಪಾತಿಗೆ ಬೆಣ್ಣೆ ಹಚ್ಚಿದ ಹಾಗಲ್ಲ’ ಎಂದು ಶ್ರೀಮತಿಯವರು ಮೇಲ್ವಿಚಾರಣೆ ನಡೆಸಿದರು. ಹೊಸ ಕಾಲದ ತೆಳ್ಳಗಿನ ಪರದೆ ಜೋಡಿಸಿ ಗುಂಡಿ ಒತ್ತಿದಾಗ, ಹಳೆಯ ಡಿಸ್ಕು ಕೆಮ್ಮಿ ಕೆಮ್ಮಿ ಎದ್ದಿತು. ವಿಂಡೋಸ್ 98ರ ಮೋಡಗಳು ಕಂಡಾಗ ಊರಿನ ಹಳೆಯ ನೆಂಟರು ಬಂದಂತಾಯಿತು.

ಪರೀಕ್ಷೆಗೆಂದು ಮಗ ಹೇಳಿದ ಕಾರ್ಯಕ್ರಮದ ಹೆಸರು ಸೂಪರ್ ಪೈ. ‘ಎಂಥ ಪೈ? ಮಣಿಪಾಲದವರಾ, ಮಂಗಳೂರಿನವರಾ?’ ಎಂದು ಅಡುಗೆಮನೆಯಿಂದ ಪ್ರಶ್ನೆ ಬಂತು. ಇದು ಗಣಿತದ ಪೈ, ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಪ್ರಮಾಣ. ಜಪಾನಿನ ಟೋಕಿಯೋ ವಿಶ್ವವಿದ್ಯಾಲಯದ ಯಾಸುಮಾಸಾ ಕನಾಡಾ ಎಂಬ ಗಣಿತಜ್ಞರ ಪ್ರಯೋಗಾಲಯದಿಂದ 1995ರಲ್ಲಿ ಹೊರಬಂದದ್ದು. ಆ ಪ್ರೊಫೆಸರರ ಹೆಸರು ಕನಾಡಾ ಎಂದು ಕೇಳಿ ನಮ್ಮ ಶ್ರೀಮತಿಯವರಿಗೆ ಯಂತ್ರದ ಮೇಲೆ ಅಭಿಮಾನ ಇಮ್ಮಡಿಯಾಯಿತು. ಪೈಯ ಬೆಲೆಯನ್ನು ಹತ್ತು ಲಕ್ಷ ಸ್ಥಾನಗಳವರೆಗೆ ಲೆಕ್ಕ ಹಾಕುವಾಗ ಪ್ರೊಸೆಸರ್ ಒಂದು ಕಡೆ ತಪ್ಪಿದರೂ ಸಾಮಾನ್ಯವಾಗಿ ಗುಟ್ಟು ಬಯಲಾಗುತ್ತದೆ. ಸ್ವಲ್ಪ ಏರಿಸು, ಪರೀಕ್ಷಿಸು, ಬರೆದಿಡು, ತಪ್ಪಿದರೆ ಇಳಿಸು. ಇಷ್ಟೇ ಈ ವಿದ್ಯೆ. 2011ರಲ್ಲಿ ಎಎಂಡಿ ಕಂಪೆನಿಯ ತಂಡವೊಂದು ದ್ರವ ಹೀಲಿಯಂ ಸುರಿದು ತಂಪುಮಾಡಿ ಒಂದು ಪ್ರೊಸೆಸರನ್ನು 8,429 ಮೆಗಾಹರ್ಟ್ಸಿನವರೆಗೆ ಓಡಿಸಿ ಗಿನ್ನೆಸ್ ದಾಖಲೆ ಮಾಡಿತು. ನಮ್ಮ ಬಳಿಯಿರುವುದು ಮೇಜಿನ ಫ್ಯಾನು ಮತ್ತು ರಾತ್ರಿ ಖಾಡಿಯ ಕಡೆಯಿಂದ ಬರುವ ಗಾಳಿ.

ಡಿಸೆಂಬರಿನ ಒಂದು ರಾತ್ರಿ ತಾಳವನ್ನು 100ಕ್ಕೆ ಹಾಕಿ, ಫೋನನ್ನು ಕಿವಿಗಿಟ್ಟುಕೊಂಡು ಕುಳಿತೆವು. ಪರದೆಯ ಮೇಲೆ 450 ಎಂದು ಬಂತು. ಕೆಳಗೆ ರಸ್ತೆಯಲ್ಲಿ ರಾತ್ರಿಯ ಟ್ರಕ್ಕುಗಳು ಹೊರಟಿದ್ದುವು. ಆಗ, ಮುಖ ಕಾಣುವುದಿಲ್ಲವೆಂಬ ಧೈರ್ಯದಿಂದ, ಜೋಡಿಸಿಟ್ಟಿದ್ದ ವಾಕ್ಯಗಳಲ್ಲಿ ಒಂದನ್ನು ಹೇಳಿದೆವು: ‘ಆ ವರ್ಷ ನಿನ್ನನ್ನು ನಾವು ತುಂಬ ಓಡಿಸಿಬಿಟ್ಟೆವು ಮಗಾ. ನೀನು ಹೇಳಲಿಲ್ಲ, ನಾವು ನೋಡಲೂ ಇಲ್ಲ.’

ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: ‘ಅಪ್ಪಯ್ಯ, ಫ್ಯಾನ್ ತಿರುಗ್ತಾ ಉಂಟಾ ನೋಡಿ.’

ನೋಡಿದೆವು. ತಿರುಗುತ್ತಾ ಇತ್ತು. ಹಾಗೆಂದು ಹೇಳಿದೆವು. ‘ಹಾಗಾದರೆ ಪರವಾಗಿಲ್ಲ. ಬೆಳಿಗ್ಗೆವರೆಗೆ ಬಿಡಿ, ನೀವು ಮಲಗಿ’ ಎಂದ.

ಬೆಳಿಗ್ಗೆ ನಾಲ್ಕೂವರೆಗೆ, ಯಾರೂ ಎಬ್ಬಿಸದೆ, ಎಚ್ಚರವಾಯಿತು. ಯಂತ್ರ ಓಡುತ್ತಲೇ ಇತ್ತು. ಡೈರಿಯ ಹಿಂಬದಿಯ ಪುಟದಲ್ಲಿ ಮಗನ ಕೊನೆಯ ಸಾಲಿನ ಕೆಳಗೆ ನಮ್ಮ ಕೈಬರಹದಲ್ಲಿ ಬರೆದೆವು: 100, 2.0, ಕೋಣೆ 24 ಡಿಗ್ರಿ, ರಾತ್ರಿಯಿಡೀ, ನಿಲ್ಲಲಿಲ್ಲ. ಈ ವರ್ಷ ಮೇ ತಿಂಗಳಲ್ಲಿ 34 ಡಿಗ್ರಿಯಲ್ಲಿ ನಿಂತಿತು. ಅದನ್ನೂ ಬರೆದೆವು. 66ಕ್ಕೆ ಇಳಿಸಿದೆವು. ಇಳಿಸಿದ್ದರಲ್ಲಿ ಅವಮಾನವೇನೂ ಆಗಲಿಲ್ಲ. ಸದಸ್ಯರ ಯಾದಿಯನ್ನು ಓದಲು 66 ಧಾರಾಳ ಸಾಕು.

ಈಚಿನ ಪ್ರೊಸೆಸರುಗಳಿಗೆ ಇಷ್ಟೆಲ್ಲ ಉಪಚಾರ ಬೇಕಿಲ್ಲವಂತೆ. ಇಂಟೆಲ್ 2008ರಲ್ಲಿ ಟರ್ಬೋ ಬೂಸ್ಟ್ ಎಂಬ ವ್ಯವಸ್ಥೆ ತಂದ ಮೇಲೆ, ತಮ್ಮ ಬಿಸಿಯನ್ನು ತಾವೇ ನೋಡಿಕೊಂಡು ವೇಗ ಏರಿಸುವುದು, ಇಳಿಸುವುದು ಅವುಗಳಿಗೆ ಸ್ವಭಾವವೇ ಆಗಿದೆ. ಮಕ್ಕಳೂ ತಮ್ಮ ಬಿಸಿಯನ್ನು ತಾವು ತೋರಿಸುತ್ತಾರೆ ಎಂದು ಈಗ ಅನಿಸುತ್ತದೆ. ಊಟ ಬಿಡುತ್ತಾರೆ, ಮಾತು ಬಿಡುತ್ತಾರೆ, ಇಷ್ಟದ ಆಟದ ಸಾಮಾನನ್ನು ಮೊದಲಿನ ಜಾಗದಲ್ಲಿ ನೀಟಾಗಿ ಎತ್ತಿಟ್ಟುಬಿಡುತ್ತಾರೆ. ಶಿಸ್ತು ಬಂತು ಎಂದು ನಾವು ಸಂತೋಷಪಡುತ್ತೇವೆ.

ಊರು ಬಿಟ್ಟು ಬಂದ ನಮ್ಮಂಥವರಿಗೆ ಒಂದು ಭಯ ಬೆನ್ನು ಬಿಡುವುದಿಲ್ಲ. ಇಲ್ಲಿ ನಮಗೆ ಗದ್ದೆಯಿಲ್ಲ, ತೋಟವಿಲ್ಲ. ಮಕ್ಕಳು ಓದಿ ಮುಂದೆ ಬಾರದಿದ್ದರೆ ಗತಿಯೇನು? ಈ ಭಯವೇ ನಮ್ಮನ್ನು ಕಾರ್ಖಾನೆಯ ಮುದ್ರೆಗಿಂತ ಹೆಚ್ಚು ವೇಗದಲ್ಲಿ ಓಡಿಸಿತು. ಐದು ಮುಕ್ಕಾಲರ ಬಸ್ಸು ಹಿಡಿಸಿತು, ಈ ಮನೆ ಕಟ್ಟಿಸಿತು. ಅದನ್ನು ನಾವು ಹಳಿಯುವುದಿಲ್ಲ. ಮುದ್ರೆಯಲ್ಲಿದ್ದುದಕ್ಕಿಂತ ಹೆಚ್ಚಿನ ಶಕ್ತಿ ಚಿಪ್ಪಿನಲ್ಲಿದ್ದುದೂ ನಿಜವೇ ತಾನೇ? ಆದರೆ ಎಲ್ಲ ಚಿಪ್ಪೂ 450ಕ್ಕೆ ಏರುವುದಿಲ್ಲ, ಏರಿದ್ದೂ ಎಲ್ಲ ಋತುವಿನಲ್ಲಿ ನಿಲ್ಲುವುದಿಲ್ಲ. ಪಕ್ಕದ ಮನೆಯ ಚಿಪ್ಪು ಎಷ್ಟಕ್ಕೆ ಓಡಿತೆಂಬುದು ನಮ್ಮ ಚಿಪ್ಪಿನ ಲೆಕ್ಕಕ್ಕೆ ಬರುವುದೇ ಇಲ್ಲ.

ಸಂಘದ ಪ್ರತಿಭಾ ಪುರಸ್ಕಾರದ ಅರ್ಜಿಗಳು ಈ ಸಲವೂ ಪರಿಶೀಲನೆಗೆ ನಮ್ಮ ಮೇಜಿಗೆ ಬಂದಿವೆ. ಶೇಕಡಾ 90ಕ್ಕೆ ಮೇಲ್ಪಟ್ಟವರನ್ನು ಬೇರೆ ಮಾಡಿ ಪಟ್ಟಿ ಬರೆಯುವುದು ನಮ್ಮ ಕೆಲಸ. ಹಿಂದೆ ಅದನ್ನು ಕಣ್ಣುಮುಚ್ಚಿ ಮಾಡುತ್ತಿದ್ದೆವು. ಈ ಸಲ ಅಂಕಪಟ್ಟಿಗೆ ಅಂಟಿಸಿದ ಚಿಕ್ಕ ಫೋಟೋಗಳನ್ನು ಒಂದೊಂದಾಗಿ ನೋಡುತ್ತಾ ತಡವಾಗಿಬಿಟ್ಟಿದೆ. ಸಮಿತಿಯವರು ಕ್ಷಮಿಸಬೇಕು, ಪಟ್ಟಿ ಮುಂದಿನ ವಾರ ಕೊಡುತ್ತೇವೆ.

ಮೊಮ್ಮಗ ರಜೆಗೆ ಬರುತ್ತಾನೆ. ಎಂಟನೆಯ ತರಗತಿ. ಅವನನ್ನೂ ಯಾವುದೋ ಕ್ಲಾಸಿಗೆ ಸೇರಿಸಿದ್ದಾರೆಂದು ತಿಳಿದು ನಾವು ಬಾಯಿ ತೆರೆಯುವಷ್ಟರಲ್ಲಿ ಮಗನೇ ಹೇಳಿದ: ‘ಗೊತ್ತುಂಟು ಅಪ್ಪಯ್ಯ, ನೋಡ್ತಾ ಇದ್ದೇನೆ. ಅವನಿಗೆ ಆ ಡೈರಿ ತೋರಿಸಿ.’ ತೋರಿಸುತ್ತೇವೆ. ಹಿಂಬದಿಯಲ್ಲಿ ಇನ್ನೂ ಏಳೆಂಟು ಪುಟ ಖಾಲಿ ಇವೆ.